ಆರ್ಡರ್ ಬಂದರೂ ಆ್ಯಪ್‌ನಿಂದ ಇಮೇಲ್ ಹೋಗುತ್ತಿಲ್ಲ, ಲಾಗ್‌ನಲ್ಲಿ ‘ಟೈಮ್ಡ್ ಔಟ್’ – ಏನು ಮಾಡಲಿ?

ಬಾಡಿಗೆ ಸರ್ವರ್‌ನಲ್ಲಿ ಡಾಕರ್ ಕಂಟೇನರ್ (ಆ್ಯಪ್‌ಗೆಂದೇ ಇರುವ ಪ್ರತ್ಯೇಕ ಡಬ್ಬಿ) ಒಳಗೆ ಆ್ಯಪ್ ಓಡುತ್ತಿದೆ, ಪೋರ್ಟ್ 25 ಕೊಟ್ಟಿದ್ದೇನೆ ಎಂದು ಬರೆದಿದ್ದೀರಿ. ಹಾಗಾದರೆ ಕೋಡ್ ಕೆದಕುವುದನ್ನು ಸದ್ಯಕ್ಕೆ ಬಿಡಿ. ಸ್ಪ್ಯಾಮ್ ಕಾಟಕ್ಕೆ ಬೇಸತ್ತು ಬಹಳಷ್ಟು ಕ್ಲೌಡ್ ಕಂಪನಿಗಳು 25ರಿಂದ ಹೊರಗೆ ಹೋಗುವ ದಾರಿಯನ್ನೇ ಮುಚ್ಚಿರುತ್ತವೆ. ಅದು ಮೇಲ್ ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡುವ ಬಾಗಿಲು. ನಿಮ್ಮ ಆ್ಯಪ್ ಪತ್ರ ಒಪ್ಪಿಸಬೇಕಾದದ್ದು 587 ಅಥವಾ 465ರಲ್ಲಿ.

ಇವೆರಡನ್ನು ಕಲಸಬೇಡಿ. 587ರಲ್ಲಿ ಮಾತು ಬಯಲಲ್ಲಿ ಶುರುವಾಗಿ, ಸ್ಟಾರ್ಟ್‌ಟಿಎಲ್‌ಎಸ್ ಎಂದ ಮೇಲೆ ಗೂಢಲಿಪಿಗೆ ತಿರುಗುತ್ತದೆ. 465ರಲ್ಲಿ ಮೊದಲ ಅಕ್ಷರದಿಂದಲೇ ಗೂಢಲಿಪಿ. 465 ಕೊಟ್ಟು ಸ್ಟಾರ್ಟ್‌ಟಿಎಲ್‌ಎಸ್ ಆರಿಸಿದರೆ ಎರಡೂ ಕಡೆಯವರು ‘ನೀವೇ ಮೊದಲು ಮಾತಾಡಿ’ ಎಂದು ಕಾಯುತ್ತಾ ಕೂರುತ್ತಾರೆ. ಮತ್ತೆ ಅದೇ ಟೈಮ್ಡ್ ಔಟ್. ಮೇಲ್ ಹೋಸ್ಟ್ ಜಾಗದಲ್ಲಿ ಲೋಕಲ್‌ಹೋಸ್ಟ್ ಎಂದೂ ಬರೆಯಬೇಡಿ. ಡಾಕರ್ ಒಳಗಿನ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರ್ ಮಾತ್ರ, ನಿಮ್ಮ ಸರ್ವರ್ ಅಲ್ಲ.

ದಿನಕ್ಕೆ ಹತ್ತಾರು ಮೇಲ್ ಆದರೆ ಜಿಮೇಲ್ ಖಾತೆಯೊಂದು ಸಾಕು. ಎರಡು ಹಂತದ ಪರಿಶೀಲನೆ ಚಾಲೂ ಮಾಡಿ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆಯಿರಿ. ಮಾಮೂಲಿ ಪಾಸ್‌ವರ್ಡ್ 2022ರ ಮೇ ಕೊನೆಯಿಂದ ಇಂಥ ಕಡೆ ನಡೆಯುವುದಿಲ್ಲ. ಮೇಲ್‌ಗಳು ಹತ್ತಾರಕ್ಕಿಂತ ಹೆಚ್ಚಿದ್ದರೆ, ನಿಮ್ಮ ಪರವಾಗಿ ಮೇಲ್ ತಲುಪಿಸುವ ಮೇಲ್ ರಿಲೇ ಸೇವೆಯೊಂದನ್ನು ಹಿಡಿಯಿರಿ. ಸ್ವಂತ ಮೇಲ್ ಸರ್ವರ್ ಕಟ್ಟುವ ಹುರುಪು ನನಗೂ ಇತ್ತು, ಇಳಿಯಿತು.

ಮೇಲ್ ಹೊರಟಿತು ಎಂದ ಮಾತ್ರಕ್ಕೆ ಮುಟ್ಟಿತು ಎಂದಲ್ಲ. ಗದಗದಲ್ಲಿ ಮುದ್ರಣಾಲಯಗಳಿಗೆ ಬರವಿಲ್ಲ. ನಮ್ಮ ಮಾವನದೂ ಒಂದು. ಮದುವೆ ಕಾರ್ಡಿನ ಪ್ರೂಫ್ ತಾನಾಗಿಯೇ ಮೇಲ್‌ನಲ್ಲಿ ಹೋಗುವಂತೆ ಅವರಿಗೊಂದು ಆ್ಯಪ್ ಮಾಡಿಕೊಟ್ಟಿದ್ದೆ. ಒಂದು ದಿನ ಲಕ್ಷ್ಮೇಶ್ವರದಿಂದ ಹುಡುಗಿಯ ತಂದೆ ಬಸ್ ಹತ್ತಿ ಬಂದು, ‘ಪ್ರೂಫ್ ಇನ್ನೂ ಕಳಿಸಿಲ್ಲವಲ್ಲ’ ಎಂದು ಕೌಂಟರ್ ಮುಂದೆ ನಿಂತರು. ನನ್ನ ಲಾಗ್‌ನಲ್ಲಿ ‘ಕಳಿಸಲಾಗಿದೆ’ ಎಂದಿತ್ತು. ಅವರದೇ ಮೊಬೈಲ್ ತೆಗೆದು ನೋಡಿದರೆ, ಸ್ಪ್ಯಾಮ್‌ನಲ್ಲಿ ಮೂರು ಪ್ರೂಫ್ ಬಿದ್ದಿದ್ದವು! ಮಾವ ನನ್ನ ಮುಖ ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ತಪ್ಪು ನನ್ನದೇ. ನಮ್ಮ ಡೊಮೈನ್ ಹೆಸರಿನಲ್ಲಿ ಯಾರು ಮೇಲ್ ಕಳಿಸಬಹುದು ಎಂದು ಸಾರುವ ಎಸ್‌ಪಿಎಫ್ ದಾಖಲೆ ಡಿಎನ್‌ಎಸ್‌ನಲ್ಲಿ (ಡೊಮೈನ್‌ನ ವಿವರಗಳಿರುವ ಸಾರ್ವಜನಿಕ ಪಟ್ಟಿ) ಮೊದಲೇ ಇತ್ತು. ರಿಲೇ ಸೇವೆಗೆಂದು ನಾನು ಅದರ ಕೆಳಗೆ ಇನ್ನೊಂದನ್ನು ಸೇರಿಸಿದ್ದೆ. ಎರಡು ಎಸ್‌ಪಿಎಫ್ ಇದ್ದರೆ ಎರಡೂ ಲೆಕ್ಕಕ್ಕಿಲ್ಲ. ಒಂದೇ ಸಾಲಿನಲ್ಲಿ ಎರಡೂ ಸೇವೆಗಳ ಹೆಸರು ಬರಬೇಕು. ಮೇಲ್ ನಿಜಕ್ಕೂ ನಮ್ಮ ಡೊಮೈನ್‌ನದೇ ಎಂದು ತೋರಿಸುವ ಡಿಕೆಐಎಂ ಸಹಿಯನ್ನಂತೂ ನಾನು ಹಾಕಿಯೇ ಇರಲಿಲ್ಲ. 2024ರ ಫೆಬ್ರುವರಿಯಿಂದ ಜಿಮೇಲ್‌ಗೆ ಯಾರೇ ಕಳಿಸಲಿ, ಇವೆರಡರಲ್ಲಿ ಒಂದಾದರೂ ಇರಲೇಬೇಕು. ನೀವು ಎರಡನ್ನೂ ಹಾಕಿ.

ನಿಮ್ಮದೇ ಜಿಮೇಲ್‌ಗೆ ಒಂದು ಮೇಲ್ ಕಳಿಸಿ, ಕಂಪ್ಯೂಟರ್‌ನಲ್ಲಿ ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿ ಮೂಲ ಸಂದೇಶ ತೋರಿಸುವ ಆಯ್ಕೆ ಒತ್ತಿ. ಎಸ್‌ಪಿಎಫ್, ಡಿಕೆಐಎಂ ಎರಡರ ಮುಂದೆಯೂ ‘ಪಾಸ್’ ಎಂದಿರಬೇಕು. ಪೋರ್ಟ್ ಬದಲಿಸಿದ ಮೇಲೂ ಸಿಕ್ಕಿಕೊಂಡರೆ ಲಾಗ್‌ನ ಕೊನೆಯ ಹತ್ತು ಸಾಲುಗಳನ್ನು ಇಲ್ಲಿ ಹಾಕಿ, ಪಾಸ್‌ವರ್ಡ್ ಅಳಿಸಿ.