ಹೆಸರಿಲ್ಲದೆ ಹೋದ ಆ ಭಾನುವಾರ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಪ್ರಿಯ ಸಹೋದರಿಯವರೇ,

ಚಿಕ್ಕಬಳ್ಳಾಪುರದಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ಕೈಸೇರಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಪತ್ರವನ್ನು ಇದ್ದ ಹಾಗೆಯೇ ಅಚ್ಚು ಮಾಡಿದರೆ ಊರಿನವರಿಗೆ ನಿಮ್ಮ ಗುರುತು ಸಿಕ್ಕಿಬಿಡುತ್ತದೆ. ಆದ್ದರಿಂದ ಉಳಿದ ಓದುಗರಿಗೆ ಅದರ ಸಾರವನ್ನಷ್ಟೇ ತಿಳಿಸುತ್ತೇನೆ.

2021ರ ಫೆಬ್ರವರಿ 22ರ ಸೋಮವಾರ ನಡುರಾತ್ರಿ ಕಳೆದ ಮೇಲೆ ಪೆರೇಸಂದ್ರದ ಬಳಿಯ ಹಿರೇನಾಗವಲ್ಲಿಯಲ್ಲಿ ಬಂಡೆ ಒಡೆಯಲು ಬಳಸುವ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಜನ ಸತ್ತರು. ಕ್ವಾರಿಗೆಂದು ಇಟ್ಟುಕೊಂಡಿದ್ದ ಕಡ್ಡಿಗಳನ್ನು ಪೊಲೀಸರ ಕಣ್ಣಿಗೆ ಬೀಳದಂತೆ ವಿಲೇವಾರಿ ಮಾಡಲು ಹೋದಾಗ ಅನಾಹುತವಾಯಿತು ಎಂಬ ವಿವರ ಆಮೇಲೆ ಹೊರಬಂತು. ಶಿವಮೊಗ್ಗದ ಹುಣಸೋಡಿನಲ್ಲಿ ಇಂಥದೇ ಕ್ವಾರಿ ಸ್ಫೋಟವಾಗಿ ಆಗಿನ್ನೂ ಒಂದು ತಿಂಗಳಾಗಿತ್ತು ಅಷ್ಟೇ. ಆ ವಾರದ ಭಾನುವಾರ, 28ರಂದು, ನೀವು ನಿಮ್ಮ ಕ್ರೈಸ್ತ ಸಭೆಯ ಆರಾಧನೆಯಲ್ಲಿದ್ದಿರಿ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ಶ್ರಮೆಯ ಕಾಲದ ಎರಡನೆಯ ಭಾನುವಾರ. ಸಭಾಪಾಲಕರ ಬೋಧನೆ, ಅಂದರೆ ಪ್ರಸಂಗ, ಆಯಿತು, ಕಾಂಪೌಂಡ್ ಗೋಡೆಯ ಚಂದಾ ಎಷ್ಟು ಬಂತೆಂದು ಪ್ರಕಟಣೆಯಾಯಿತು, ಮಹಿಳಾ ಸಂಘದ ಕೂಟದ ಸಮಯ ಹೇಳಿದರು. ಆರು ಜನರ ಬಗ್ಗೆ ಒಂದು ಮಾತೂ ಬರಲಿಲ್ಲ. ಹೊರಗೆ ಬಂದಾಗ ನೀವು ಕೇಳಿದ್ದಕ್ಕೆ ಹಿರಿಯರೊಬ್ಬರು, "ಅವರು ನಮ್ಮ ಸಭೆಯವರಲ್ಲವಲ್ಲಮ್ಮ, ಅದೂ ಅಲ್ಲದೆ ಇದರಲ್ಲಿ ರಾಜಕೀಯವಿದೆ" ಎಂದರು. ಗೋಡೆಗೆ ಜಲ್ಲಿ ಕೊಟ್ಟವರು ಇನ್ನೊಂದು ಕ್ರಷರ್‌ನವರು ಎಂಬುದು ನಿಮಗೆ ಆಮೇಲೆ ತಿಳಿಯಿತು. ಅಲ್ಲಿಂದ ದೇವಾಲಯಕ್ಕೆ ಹೋಗುವುದು ಕಡಿಮೆಯಾಯಿತು. ಈಗ ಜನ ನಿಮ್ಮನ್ನು ಸಭೆಯ ಆಡಳಿತ ನೋಡಿಕೊಳ್ಳುವ ಪಾಸ್ಟರೇಟ್ ಕಮಿಟಿಗೆ ಆರಿಸಿದ್ದಾರೆ. ನಾಯಕರು ಬಾಯಿ ಬಿಡದಿದ್ದಾಗ ಸಾಮಾನ್ಯ ಸದಸ್ಯೆ ಏನು ಮಾಡಬೇಕು, ಇಷ್ಟು ವರ್ಷಗಳಾದ ಮೇಲೆ ಆ ಮೌನವನ್ನು ಮುರಿಯುವುದರಲ್ಲಿ ಅರ್ಥವಿದೆಯೇ ಎಂದು ಕೇಳಿದ್ದೀರಿ.

ಅರ್ಥವಿದೆ. ಅದು ಹೇಗೆಂದು ಹೇಳುವ ಮೊದಲು ನನ್ನದೊಂದು ಋಣವನ್ನು ನಿಮ್ಮ ಮುಂದೆ ಇಡಬೇಕು.

2000ನೇ ಇಸವಿಯ ಮಾರ್ಚ್ 11, ಶನಿವಾರ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಆಗ ಅದು ನಮ್ಮ ಕೋಲಾರ ಜಿಲ್ಲೆಯೇ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಮರುದಿನ ಶ್ರಮೆಯ ಕಾಲದ ಮೊದಲನೆಯ ಭಾನುವಾರ. ಅಂದು ಸುದ್ದಿ ಎಲ್ಲರಿಗೂ ಮುಟ್ಟಿರಲಿಲ್ಲ ಎನ್ನೋಣ. ಅದರ ಮುಂದಿನ ಭಾನುವಾರದ ಹೊತ್ತಿಗೆ ಕೋಲಾರದ ಟೀ ಅಂಗಡಿಗಳಲ್ಲಿ, ಬಸ್ ನಿಲ್ದಾಣದಲ್ಲಿ ಬೇರೆ ಮಾತೇ ಇರಲಿಲ್ಲ. ನಾನು ಹೋಗುತ್ತಿದ್ದ ಸಭೆಯಲ್ಲಿ ಅಂದು ಇತರರಿಗಾಗಿ ಬೇಡಿಕೊಳ್ಳುವ ವಿಜ್ಞಾಪನಾ ಪ್ರಾರ್ಥನೆ ನಡೆಸುವ ಸರದಿ ನನ್ನದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವ ಮಕ್ಕಳಿಗಾಗಿ ಪ್ರಾರ್ಥಿಸಿದೆ. ಮಳೆಗಾಗಿ, ಕಾಯಿಲೆ ಬಿದ್ದವರಿಗಾಗಿ, ಸರ್ಕಾರ ನಡೆಸುವವರಿಗಾಗಿ ಪ್ರಾರ್ಥಿಸಿದೆ. ಕಂಬಾಲಪಲ್ಲಿ ಎಂಬ ಪದ ನನ್ನ ಬಾಯಿಂದ ಬರಲಿಲ್ಲ. ಯಾರೂ ತಡೆದಿರಲಿಲ್ಲ, ಸಭಾಪಾಲಕರು ಮೊದಲೇ ಏನನ್ನೂ ಸೂಚಿಸಿರಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಂದಿಬ್ಬರ ಮುಖ ನೋಡಿದೆ, ಪ್ರಾರ್ಥನೆಯಲ್ಲಿ ಆ ಮಾತನ್ನು ಬಿಟ್ಟೆ. ಆ ಸಭೆಯಲ್ಲಿ ಕುಳಿತಿದ್ದ ಬಹುಪಾಲು ಜನರ ಅಜ್ಜ ಅಜ್ಜಿಯರು ಕಂಬಾಲಪಲ್ಲಿಯಂಥ ಕೇರಿಗಳಿಂದಲೇ ಬಂದವರು. ನಮ್ಮ ರಕ್ತದವರನ್ನೇ ನಾವು "ನಮ್ಮವರಲ್ಲ" ಎಂದ ಹಾಗಾಯಿತು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟ್ ಆ ತೀರ್ಪನ್ನೇ ಎತ್ತಿಹಿಡಿಯಿತು. ಆ ಎರಡು ಸಲವೂ ನಾನು ಪತ್ರಿಕೆ ಓದಿ ಮಡಿಸಿಟ್ಟೆ.

ಆದ್ದರಿಂದ ನಿಮ್ಮ ಸಭಾಪಾಲಕರನ್ನು ದೂರುವ ಸ್ಥಾನದಲ್ಲಿ ನಿಂತು ಬರೆಯುತ್ತಿಲ್ಲ. ಮೌನ ಹೇಗೆ ಹುಟ್ಟುತ್ತದೆ ಎಂಬುದನ್ನು ಒಳಗಿನಿಂದ ಬಲ್ಲವನಾಗಿ ಬರೆಯುತ್ತಿದ್ದೇನೆ.

"ಅವರು ನಮ್ಮ ಸಭೆಯವರಲ್ಲ" ಎಂದ ಹಿರಿಯರಿಗೆ ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯವನ್ನು ತೆಗೆದು ಕೊಡಿ. ಪಿಲಾತನು ಗಲಿಲಾಯದ ಕೆಲವರನ್ನು ಬಲಿ ಅರ್ಪಿಸುತ್ತಿದ್ದಾಗಲೇ ಕೊಲ್ಲಿಸಿದ ಸುದ್ದಿಯನ್ನು ಜನ ಯೇಸುವಿಗೆ ತಂದು ಹೇಳುತ್ತಾರೆ. ಅದು ಆಳುವವರು ಮಾಡಿದ ಕೊಲೆ. ಯೇಸು ಅಷ್ಟಕ್ಕೇ ನಿಲ್ಲಿಸದೆ, ಯಾರೂ ಕೇಳದಿದ್ದರೂ, ಸಿಲೊವಾದಲ್ಲಿ ಬುರುಜು ಬಿದ್ದು ಸತ್ತ ಹದಿನೆಂಟು ಜನರ ಮಾತನ್ನು ತಾವಾಗಿಯೇ ಎತ್ತುತ್ತಾರೆ. ಇದು ಕಟ್ಟಡ ಕುಸಿದ ಅವಘಡ. ಆ ಹದಿನೆಂಟು ಜನ ತಮ್ಮ ಶಿಷ್ಯರೇ, ಅಲ್ಲವೇ ಎಂದು ಅವರು ವಿಚಾರಿಸಲಿಲ್ಲ. ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂದು ನೆನಸಬೇಡಿ ಎಂದರು, ತಿರುಗಿ ಕೇಳುಗರ ಬದುಕಿನ ಕಡೆಗೇ ಬೆರಳು ತೋರಿಸಿದರು. ನೆರೆಯೂರಿನ ದುರಂತವನ್ನು ಹೆಸರು ಹಿಡಿದು ಮಾತಾಡುವುದು ಪ್ರಸಂಗಪೀಠಕ್ಕೆ ಹೊರಗಿನ ವಿಷಯ ಎನ್ನುವವರು ಈ ಐದು ವಚನಗಳನ್ನು ಎಲ್ಲಿಡುತ್ತಾರೆ?

ರಾಜಕೀಯದ ಮಾತು ಬಂದರೆ ನಾನು ಹೆಚ್ಚು ವಾದಿಸುವುದಿಲ್ಲ. ಯಾರಿಗೆ ಮತ ಹಾಕಬೇಕೆಂದು ಪೀಠದಿಂದ ಹೇಳಕೂಡದು, ನಿಜ. ಸತ್ತವರ ಹೆಸರು ಹೇಳುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಭಯದ ವಿಷಯವನ್ನು ಮಾತ್ರ ಹಗುರವಾಗಿ ತಳ್ಳಿಹಾಕಲಾರೆ. ನಾವು ಎಣಿಕೆಯಲ್ಲಿ ಸಣ್ಣವರು. 2008ರಲ್ಲಿ ಮಂಗಳೂರಿನಲ್ಲಿ ನಮ್ಮ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಗಳನ್ನು ನೋಡಿದ್ದೇವೆ. ನಿಮ್ಮ ಊರಿನ ಪಕ್ಕದ ಸೂಸೈಪಾಳ್ಯದ ಹಳೆಯ ಕ್ಯಾಥೊಲಿಕ್ ದೇವಾಲಯದಲ್ಲಿ 2021ರ ಡಿಸೆಂಬರ್ 23ರಂದು ಸಂತ ಅಂತೋನಿಯವರ ಪ್ರತಿಮೆಯನ್ನು ಒಡೆದರು. ಅದೇ ದಿನ ಬೆಳಗಾವಿಯಲ್ಲಿ ವಿಧಾನಸಭೆ ಮತಾಂತರ ನಿಷೇಧದ ಮಸೂದೆಯನ್ನು ಅಂಗೀಕರಿಸಿತು. ಇಂಥ ಗಾಳಿಯಲ್ಲಿ ಸಭಾಪಾಲಕರೊಬ್ಬರು ತಲೆ ತಗ್ಗಿಸಿಕೊಂಡು ಇರೋಣ ಎಂದುಕೊಂಡರೆ ಅವರ ಹೆಂಡತಿ ಮಕ್ಕಳ ಮುಖ ನೋಡಿದವರಿಗೆ ಅದು ಅರ್ಥವಾಗುತ್ತದೆ. ಆದರೆ ಪ್ರತಿಮೆ ಒಡೆದಾಗ ನಿಮ್ಮ ಸಭೆಯಲ್ಲಿಯೂ ವಿಶೇಷ ಪ್ರಾರ್ಥನೆ ನಡೆಯಿತೆಂದು ನೀವೇ ಬರೆದಿದ್ದೀರಿ. ನಡೆದದ್ದು ಒಳ್ಳೆಯದೇ. ಒಂದೇ ವರ್ಷ, ಒಂದೇ ಜಿಲ್ಲೆ: ಫೆಬ್ರವರಿಯಲ್ಲಿ ಆರು ಮನುಷ್ಯರು, ಡಿಸೆಂಬರಿನಲ್ಲಿ ಒಂದು ಪ್ರತಿಮೆ. ನಮ್ಮ ಬಾಯಿ ಯಾವುದಕ್ಕೆ ತೆರೆಯಿತು ಎಂಬುದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ. ನಮ್ಮ ಕಷ್ಟಕ್ಕೆ ನೆರೆಯವರು ದನಿಗೂಡಿಸಲಿ ಎಂದು ಬಯಸುವ ನಾವು ಅವರ ಕಷ್ಟದ ದಿನ ಎಲ್ಲಿದ್ದೆವು?

ನಮ್ಮ ಹಿಂದಿನವರು ಹಾಗಿರಲಿಲ್ಲ. 1876ರಿಂದ 78ರವರೆಗಿನ ಮಹಾಬರದಲ್ಲಿ ಮೈಸೂರು ಸಂಸ್ಥಾನ ಹೆಣಗಳಿಂದ ತುಂಬಿದಾಗ ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಮಹಿಳೆ ತಾಯಿ ತಂದೆ ಸತ್ತ ಮಕ್ಕಳಿಗಾಗಿ ಮನೆ ತೆರೆದರು. ಆ ಕೆಲಸ ಮುಂದೆ ಮೆಥಡಿಸ್ಟ್ ಮಿಷನ್ ಕೈಗೆ ಬಂತು. ಆಮೇಲೆ ಆಸ್ಪತ್ರೆಗಳು ಬಂದವು, ಕೋಲಾರದಲ್ಲಿ, ನಿಮ್ಮ ಚಿಕ್ಕಬಳ್ಳಾಪುರದಲ್ಲಿ. ಆ ಆಸ್ಪತ್ರೆಗಳ ಹೆಸರು ಹೇಳಿಕೊಂಡು ಇಂದಿಗೂ ಹೆಮ್ಮೆಪಡುತ್ತೇವೆ.

ಇನ್ನೊಂದು ಮಾತು ಆಗಾಗ ಕೇಳಿಬರುತ್ತದೆ: ದುಃಖದ ಮುಂದೆ ಮೌನವೇ ಲೇಸು ಎಂದು. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಾಡದೆ ಇದ್ದುದು ನಿಜ. ಆದರೆ ಎಲ್ಲಿ? ಅವನ ಪಕ್ಕದಲ್ಲಿ, ನೆಲದ ಮೇಲೆ ಕುಳಿತು. ತಮ್ಮ ತಮ್ಮ ಊರಿನಿಂದ ಹೊರಟು ಬಂದು, ಬಟ್ಟೆ ಹರಿದುಕೊಂಡು, ತಲೆಯ ಮೇಲೆ ಮಣ್ಣು ಎರಚಿಕೊಂಡು ಕುಳಿತರು. ಅಂಥ ಮೌನವನ್ನು ನಿಮ್ಮ ಸಭೆಯ ನಾಲ್ಕು ಜನ ಹಿರೇನಾಗವಲ್ಲಿಗೆ ಹೋಗಿ ಆಚರಿಸಿದ್ದರೆ ನೀವು ಈ ಪತ್ರ ಬರೆಯುತ್ತಲೇ ಇರಲಿಲ್ಲ.

ಓಸ್ಕರ್ ರೊಮೆರೊ ಅವರನ್ನು ನೆನೆಯಿರಿ. 1977ರಲ್ಲಿ ಎಲ್ ಸಾಲ್ವಡಾರ್ ದೇಶದ ರಾಜಧಾನಿಯ ಆರ್ಚ್‌ಬಿಷಪ್ ಆದಾಗ ಅವರು ಪುಸ್ತಕದ ಹುಳು, ಯಾರಿಗೂ ತೊಂದರೆ ಕೊಡದ ಮನುಷ್ಯ ಎಂದೇ ಉಳ್ಳವರು ಸಂತೋಷಪಟ್ಟಿದ್ದರು. ಕೆಲವೇ ವಾರಗಳಲ್ಲಿ, ಹಳ್ಳಿಯ ರೈತರ ನಡುವೆ ಕೆಲಸ ಮಾಡುತ್ತಿದ್ದ ಅವರ ಗೆಳೆಯ, ಪಾದ್ರಿ ರುತಿಲಿಯೊ ಗ್ರಾಂದೆಯನ್ನು ಗುಂಡಿಕ್ಕಿ ಕೊಂದರು. ಅಲ್ಲಿಂದ ಮೂರು ವರ್ಷ ರೊಮೆರೊ ಭಾನುವಾರದ ಪ್ರಸಂಗದಲ್ಲಿ ಆ ವಾರ ಕೊಲೆಯಾದವರ, ಕಾಣೆಯಾದವರ ಹೆಸರುಗಳನ್ನು ಹೇಳುತ್ತಿದ್ದರು, ರೇಡಿಯೊ ಅದನ್ನು ದೇಶಕ್ಕೆಲ್ಲ ತಲುಪಿಸುತ್ತಿತ್ತು. ಮಗನ ಹೆಸರನ್ನು ಪೊಲೀಸ್ ಠಾಣೆಯಲ್ಲಿ ಬರೆದುಕೊಳ್ಳದಿದ್ದ ತಾಯಂದಿರು ಅದನ್ನು ದೇವಾಲಯದ ದನಿಯಲ್ಲಿ ಕೇಳಿದರು. ಜೊತೆಯ ಬಿಷಪರಲ್ಲಿ ಹೆಚ್ಚಿನವರು ಅವರಿಗೆ ಬೆನ್ನು ತಿರುಗಿಸಿದ್ದರು. 1980ರ ಮಾರ್ಚ್ 24ರಂದು ಬಲಿಪೂಜೆ ಅರ್ಪಿಸುತ್ತಿದ್ದಾಗಲೇ ಅವರನ್ನು ಕೊಂದರು. 2018ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ನಿಮ್ಮ ಸಭಾಪಾಲಕರಿಂದ ಯಾರೂ ಹುತಾತ್ಮರಾಗುವುದನ್ನು ಕೇಳುತ್ತಿಲ್ಲ. ಆದರೆ ಹೆಸರು ಓದುವುದು ಎಂಬ ಆ ಸಣ್ಣ ಕೆಲಸವಿದೆಯಲ್ಲ, ಅದಕ್ಕೆ ಒಂದು ಹಾಳೆ, ಒಂದು ನಿಮಿಷ ಸಾಕು.

ತಡವಾಯಿತು ಎಂದು ಹಿಂಜರಿಯಬೇಡಿ. ಜಲಿಯನ್‌ವಾಲಾ ಬಾಗ್‌ನ ಹತ್ಯಾಕಾಂಡ ನಡೆದದ್ದು 1919ರಲ್ಲಿ. ಇಂಗ್ಲೆಂಡಿನ ಸಭೆಯ ಅತ್ಯಂತ ಹಿರಿಯ ಬಿಷಪರು, ಆಗಿನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ, ಅಮೃತಸರಕ್ಕೆ ಬಂದು ಆ ಸ್ಮಾರಕದ ಮುಂದೆ ಬೋರಲಾಗಿ ಮಲಗಿ ಕ್ಷಮೆ ಕೇಳಿದ್ದು 2019ರ ಸೆಪ್ಟೆಂಬರಿನಲ್ಲಿ. ನೂರು ವರ್ಷ. ಅದೇ ವೆಲ್ಬಿ ತಮ್ಮ ಸಭೆಯೊಳಗಿನ ಲೈಂಗಿಕ ದೌರ್ಜನ್ಯದ ಪ್ರಕರಣವೊಂದರಲ್ಲಿ ಮಾಡಬೇಕಾದಷ್ಟು ಮಾಡಲಿಲ್ಲವೆಂಬ ವರದಿ ಬಂದು 2024ರಲ್ಲಿ ರಾಜೀನಾಮೆ ಘೋಷಿಸಬೇಕಾಯಿತು. ದೂರದ ಗಾಯಕ್ಕೆ ಬಾಗಿದ ತಲೆ ಮನೆಯೊಳಗಿನ ಗಾಯಕ್ಕೆ ಹೊತ್ತಿಗೆ ಸರಿಯಾಗಿ ಬಾಗಲಿಲ್ಲ. ಎರಡನ್ನೂ ನೆನಪಿಡಬೇಕು.

ಈಗ ನಿಮ್ಮ ಕೈಯಲ್ಲಿರುವುದಕ್ಕೆ ಬರುತ್ತೇನೆ. ಬಿಷಪರ ಸುತ್ತೋಲೆಗಾಗಿ ಕಾಯುತ್ತ ಕೂರಬೇಡಿ. ವಿಜ್ಞಾಪನಾ ಪ್ರಾರ್ಥನೆ ಇಡೀ ಸಭೆಯದು. ಕ್ಯಾಥೊಲಿಕರಲ್ಲಿಯೂ 1963ರಲ್ಲಿ ಲೋಕದ ಬಿಷಪರು ಕೂಡಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ ಮರೆಯಾಗಿದ್ದ ಭಕ್ತಾದಿಗಳ ಪ್ರಾರ್ಥನೆಯನ್ನು ಮತ್ತೆ ಜನರಿಗೆ ಕೊಟ್ಟಾಗ, ಅದರಲ್ಲಿ ಕಷ್ಟಕ್ಕೆ ಸಿಕ್ಕಿದವರಿಗೂ ಲೋಕದ ಸಕಲರಿಗೂ ಸ್ಥಳವಿರಬೇಕೆಂದು ಸ್ಪಷ್ಟವಾಗಿ ಬರೆಯಿತು. ನಿಮ್ಮ ಸಭೆಯಲ್ಲಿ ಆ ಪ್ರಾರ್ಥನೆಯನ್ನು ಸದಸ್ಯರೇ ಸರದಿಯಂತೆ ನಡೆಸುತ್ತಾರೆ ಎಂದು ಬರೆದಿದ್ದೀರಿ. ನಿಮ್ಮ ಸರದಿಯೂ ಬರುತ್ತದೆ.

ಮೊದಲು ಆ ಮನೆಗಳಿಗೆ ಹೋಗಿ. ಸತ್ತವರ ಹೆಸರುಗಳು ಆ ವಾರದ ಪತ್ರಿಕೆಗಳಲ್ಲಿವೆ. ಹಳೆಯ ಕಟ್ಟುಗಳಿಗಾಗಿ ಜಿಲ್ಲಾ ಗ್ರಂಥಾಲಯದಲ್ಲಿ ವಿಚಾರಿಸಿ. ಇಬ್ಬರು ಹೆಂಗಸರು ಹೋದರೆ ಸಾಕು, ದಂಡು ಕಟ್ಟಿಕೊಂಡು ಹೋಗಬೇಡಿ. ಕರಪತ್ರ, ಸುವಾರ್ತೆಯ ಪುಸ್ತಕ ಯಾವುದೂ ಚೀಲದಲ್ಲಿ ಇರಕೂಡದು, ಇದನ್ನು ಒತ್ತಿ ಹೇಳುತ್ತೇನೆ. ಸತ್ತವರ ಮನೆಗೆ ಬೇರೆ ಉದ್ದೇಶ ಹೊತ್ತು ಹೋಗುವುದು ಅವರಿಗೆ ಮಾಡುವ ಎರಡನೆಯ ಅನ್ಯಾಯ. "ನಿಮ್ಮವರ ಹೆಸರನ್ನು ನಮ್ಮ ಪ್ರಾರ್ಥನೆಯಲ್ಲಿ ಹೇಳಬಹುದೇ?" ಎಂದು ಕೇಳಿ. ಬೇಡ ಎಂದರೆ ಆ ಹೆಸರನ್ನು ಬಿಡಿ.

ಆಮೇಲೆ ಸಭಾಪಾಲಕರ ಬಳಿ ಹೋಗಿ. ಭಾನುವಾರ ಬಾಗಿಲಲ್ಲಿ ಕೈಕುಲುಕುವ ಹೊತ್ತಿನಲ್ಲಿ ಬೇಡ; ವಾರದ ನಡುವೆ, ಮನೆಗೆ. ಅಂದಿನವರು ವರ್ಗವಾಗಿ ಹೋಗಿದ್ದಾರೆ ಎಂದಿದ್ದೀರಿ, ಈಗಿನವರ ಮೇಲೆ ಹಳೆಯ ಸಿಟ್ಟನ್ನು ಸುರಿಯುವುದು ನ್ಯಾಯವಲ್ಲ. "ಸತ್ತವರಿಗಾಗಿ ಪ್ರಾರ್ಥಿಸುವುದು ನಮ್ಮ ಪದ್ಧತಿಯಲ್ಲ" ಎಂಬ ಆಕ್ಷೇಪ ಕಮಿಟಿಯಲ್ಲಿ ಖಂಡಿತ ಬರುತ್ತದೆ. ಅದಕ್ಕೆ ಜಗಳ ಬೇಡ. ಸತ್ತವರನ್ನು ಹೆಸರು ಹಿಡಿದು ಸ್ಮರಿಸಿ, ಅವರ ಮನೆಯವರಿಗಾಗಿ ಪ್ರಾರ್ಥಿಸಿ. ಈ ಹೊತ್ತಿಗೂ ಬಂಡೆಗೆ ಕುಳಿ ಕೊರೆದು ಮದ್ದು ತುಂಬುವ ಕೆಲಸಗಾರರಿಗಾಗಿ, ಕ್ವಾರಿಗಳನ್ನು ತಪಾಸಣೆ ಮಾಡಬೇಕಾದ ಅಧಿಕಾರಿಗಳಿಗಾಗಿ, ಅವುಗಳ ಮಾಲೀಕರಿಗಾಗಿ ಪ್ರಾರ್ಥಿಸಿ. ಜಲ್ಲಿ ಕೊಟ್ಟವರು ಅಂದು ಸಭೆಯಲ್ಲಿ ಕುಳಿತಿದ್ದರೆ ಅವರೂ ಆಮೆನ್ ಹೇಳಲಿ. ಜಿಲ್ಲೆಯಲ್ಲಿ ಇಂಥ ಸಾವು ಸಂಭವಿಸಿದ ವಾರ ಹೆಸರು ಹೇಳುವುದು ತಾನಾಗಿಯೇ ನಡೆಯಬೇಕೆಂದು ಕಮಿಟಿಯಲ್ಲಿ ಒಂದು ನಿರ್ಣಯ ಬರೆಸಿಬಿಡಿ. ನಾಳೆ ನೀವೂ ಇರುವುದಿಲ್ಲ, ಪಾಲಕರೂ ಇರುವುದಿಲ್ಲ, ನಡಾವಳಿ ಪುಸ್ತಕ ಇರುತ್ತದೆ.

ದೇವಾಲಯಕ್ಕೆ ಹೋಗುವುದನ್ನು ಬಿಡಬೇಕೇ ಎಂದು ಪತ್ರದ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಕೇಳಿ, ಮತ್ತೆ ಹೊಡೆದುಹಾಕಿದ್ದೀರಿ. ಓದಿದೆ. ಬಿಡಬೇಡಿ ಎಂದು ಅಪ್ಪಣೆ ಮಾಡುವ ಹಕ್ಕು ನನಗಿಲ್ಲ. ನೀವು ಬಿಟ್ಟರೆ ಆ ಆರು ಹೆಸರುಗಳನ್ನು ಅಲ್ಲಿ ನೆನಪಿಟ್ಟುಕೊಳ್ಳುವವರು ಯಾರೂ ಉಳಿಯುವುದಿಲ್ಲ ಎಂಬುದಷ್ಟೇ ನನ್ನ ಚಿಂತೆ.

ನನ್ನ ಸಭೆಯಲ್ಲಿ ಪ್ರಾರ್ಥನೆ ನಡೆಸುವ ನನ್ನ ಮುಂದಿನ ಸರದಿ ಬರುವ ತಿಂಗಳ ಎರಡನೆಯ ಭಾನುವಾರ. ಕಂಬಾಲಪಲ್ಲಿಯ ಏಳು ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಬೈಬಲಿನೊಳಗೆ ಇಟ್ಟಿದ್ದೇನೆ. ನಿಮ್ಮಲ್ಲಿ ಏನಾಯಿತೆಂದು ಬರೆಯಿರಿ.

ಕ್ರಿಸ್ತನಲ್ಲಿ ನಿಮ್ಮ ಸಹೋದರ,
ಸಂಪಾದಕ