ಡಯಾಲಿಸಿಸ್ ನಡುವೆ ಬಸಿರು

ಪ್ರಶ್ನೆ: ಮಗಳಿಗೆ ವಾರಕ್ಕೆ ಮೂರು ಸಲ, ತಲಾ ನಾಲ್ಕು ಗಂಟೆ ಡಯಾಲಿಸಿಸ್. ಈಗ ಎರಡು ತಿಂಗಳ ಗರ್ಭಿಣಿ. ಇಷ್ಟೇ ಸಾಕೇ? ಮಾತ್ರೆ, ಪಥ್ಯ ಹಾಗೇ ಇರಲೇ?

ಉತ್ತರ: ಸಾಲದು. ತಾಯಿಯ ರಕ್ತದಲ್ಲಿ ಯೂರಿಯಾ ಏರಿದರೆ ಮಗುವಿನಲ್ಲೂ ಏರುತ್ತದೆ. ಆಗ ಮಗು ಹೆಚ್ಚು ಮೂತ್ರ ಮಾಡಿ, ಗರ್ಭದ ನೀರು ಮಿತಿಮೀರಿ, ದಿನ ತುಂಬುವ ಮೊದಲೇ ನೋವು ಬರಬಹುದು. ವಾರಕ್ಕೆ ಐದಾರು ದಿನ, 20 ಗಂಟೆಗಿಂತ ಹೆಚ್ಚು ಬೇಕು. 36 ಆದರೆ ಉತ್ತಮ. ಕೆನಡಾ, ಅಮೆರಿಕದ ದಾಖಲೆ ಹೋಲಿಸಿದ 2014ರ ಅಧ್ಯಯನದಲ್ಲಿ 36 ಗಂಟೆ ದಾಟಿದವರಲ್ಲಿ ಶೇ. 85 ಗರ್ಭಗಳಲ್ಲಿ ಮಗು ಜೀವಂತ ಹುಟ್ಟಿತ್ತು. 20 ಗಂಟೆಯೊಳಗಿನವರಲ್ಲಿ ಶೇ. 48.

ಹೆಚ್ಚಾಗಿ ಎಡವುವುದು ಡ್ರೈ ವೇಟ್‌ನಲ್ಲಿ, ಅಂದರೆ ಹೆಚ್ಚುವರಿ ನೀರು ತೆಗೆದ ಮೇಲೆ ಇರಬೇಕಾದ ತೂಕದಲ್ಲಿ. ನಾಲ್ಕನೇ ತಿಂಗಳಿಂದ ವಾರಕ್ಕೆ 300–500 ಗ್ರಾಂ ಏರುವುದು ಸಹಜ. ಚಾರ್ಟಿನಲ್ಲಿ ಹಳೆಯ ತೂಕವೇ (ಉದಾಹರಣೆಗೆ 48 ಕೆ.ಜಿ.) ಉಳಿದರೆ, ಮಗುವಿನ ತೂಕವನ್ನೂ ನೀರೆಂದು ಲೆಕ್ಕಹಾಕಿ ಅಷ್ಟು ನೀರು ಎಳೆಯುತ್ತಾರೆ, ಬಿ.ಪಿ. ಕುಸಿದು ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಪ್ರತಿ ವಾರ ಅದನ್ನು ತಿದ್ದಿಸಿ, ನಾಚಿಕೊಳ್ಳದೆ ಕೇಳಿ.

ಬಿ.ಪಿ. ಮಾತ್ರೆಗಳಲ್ಲಿ ಎನಾಲಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟನ್ ಇದ್ದರೆ ಇವತ್ತೇ ವೈದ್ಯರಿಗೆ ತಿಳಿಸಿ ಬದಲಿಸಿಕೊಳ್ಳಿ. ಲ್ಯಾಬೆಟಲಾಲ್, ನಿಫಿಡಿಪಿನ್ ನಡೆಯುತ್ತವೆ. ರಕ್ತ ಹೆಚ್ಚಿಸುವ ಎರಿಥ್ರೊಪೊಯೆಟಿನ್ ಇಂಜೆಕ್ಷನ್ ನಿಲ್ಲಿಸಬೇಡಿ, ಡೋಸ್ ಎರಡು ಪಟ್ಟಾಗುವುದೂ ಉಂಟು.

ಪಥ್ಯ ಮಾತ್ರ ಸಡಿಲಾಗುತ್ತದೆ. ದಿನಾ ಡಯಾಲಿಸಿಸ್ ಆದರೆ ಪೊಟ್ಯಾಸಿಯಂ, ಫಾಸ್ಫೇಟ್ ತೀರಾ ಇಳಿಯಬಹುದು. ರಕ್ತದ ವರದಿ ನೋಡಿಕೊಂಡು ಬಾಳೆಹಣ್ಣು, ಹಾಲು ಮತ್ತೆ ತಟ್ಟೆಗೆ ಬರುತ್ತವೆ. ಪ್ರೋಟೀನ್ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 1.5–1.8 ಗ್ರಾಂ ಬೇಕು.