ಐದನೆಯ ಸೂಕ್ತದ ಆಚೀಚೆ

ಮಾನ್ಯರೇ,

ಕುರ್‌ಆನಿನ ಒಂಬತ್ತನೆಯ ಅಧ್ಯಾಯದ ಐದನೆಯ ಸೂಕ್ತದಿಂದ ‘ಬಹುದೇವಾರಾಧಕರನ್ನು ಕಂಡಲ್ಲಿ ಕೊಲ್ಲಿರಿ’ ಎಂಬ ಒಂದೇ ಸಾಲು ನಿಮಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದಿತೆಂದೂ, ವಿಚಾರಿಸಿದಾಗಲೆಲ್ಲ ‘ಚಾರಿತ್ರಿಕ ಸಂದರ್ಭ ನೋಡಿ’ ಎಂಬ ಉತ್ತರವೇ ಸಿಗುತ್ತದೆಂದೂ ಬರೆದು, ಇದು ನುಣುಚಿಕೊಳ್ಳುವ ಮಾತಲ್ಲವೇ ಎಂದು ಕೇಳಿದ್ದೀರಿ. ಸಂದರ್ಭ ಯಾವುದೆಂದು ಹೇಳದಿದ್ದರೆ ಅದು ನುಣುಚಿಕೊಳ್ಳುವ ಮಾತೇ ಸರಿ.

628ರಲ್ಲಿ ಪ್ರವಾದಿ ಮುಹಮ್ಮದರಿಗೂ ಮಕ್ಕಾದ ಕುರೈಶ್ ಬುಡಕಟ್ಟಿನವರಿಗೂ ಮಕ್ಕಾ ಸಮೀಪದ ಹುದೈಬಿಯಾದಲ್ಲಿ ಹತ್ತು ವರ್ಷಗಳ ಕದನವಿರಾಮದ ಕರಾರಾಯಿತು. ಖುಝಾಅ ಬುಡಕಟ್ಟು ಪ್ರವಾದಿಯವರ ಪಕ್ಷಕ್ಕೆ ಬಂದರೆ, ಅದರ ಹಳೆಯ ವೈರಿಗಳಾದ ಬನೂ ಬಕ್ರ್‌ನವರು ಕುರೈಶರ ಜೊತೆಗೂಡಿದರು. ಎರಡು ವರ್ಷ ತುಂಬುವುದರೊಳಗೆ ಬನೂ ಬಕ್ರ್‌ನವರು ರಾತ್ರೋರಾತ್ರಿ ಖುಝಾಅದವರ ಮೇಲೆ ಎರಗಿದರು. ಕುರೈಶರು ಅವರಿಗೆ ಆಯುಧ ಒದಗಿಸಿದರು. ಕರಾರು ಮುರಿಯಿತು, 630ರಲ್ಲಿ ಮಕ್ಕಾ ಪ್ರವಾದಿಯವರ ವಶವಾಯಿತು. ಮರುವರ್ಷದ ಹಜ್ಜ್‌ನಲ್ಲಿ ಪ್ರವಾದಿಯವರ ಅಳಿಯ ಅಲಿಯವರು ಯಾತ್ರಿಕರ ಮುಂದೆ ಓದಿದ್ದು ಈ ಅಧ್ಯಾಯದ ಮೊದಲ ಸೂಕ್ತಗಳನ್ನು ಎಂದು ಪರಂಪರೆ ಹೇಳುತ್ತದೆ. ಅದರಲ್ಲಿ ಬಹುದೇವಾರಾಧಕರಿಗೆ ನಾಲ್ಕು ತಿಂಗಳ ಗಡುವಿತ್ತು. ಕರಾರಿಗೆ ತಪ್ಪದವರ ಜೊತೆಗಿನ ಕರಾರನ್ನು ಅವಧಿ ಮುಗಿಯುವವರೆಗೂ ಪಾಲಿಸಬೇಕೆಂದು ನಾಲ್ಕನೆಯ ಸೂಕ್ತವೂ, ಆಶ್ರಯ ಬೇಡಿ ಬಂದ ಬಹುದೇವಾರಾಧಕನಿಗೆ ಆಶ್ರಯವಿತ್ತು ಬಳಿಕ ಅವನನ್ನು ಅವನಿಗೆ ಸುರಕ್ಷಿತವಾದ ಜಾಗಕ್ಕೆ ತಲುಪಿಸಬೇಕೆಂದು ಆರನೆಯದೂ ಹೇಳುತ್ತವೆ. ನಿಮಗೆ ಬಂದ ಸಂದೇಶದಲ್ಲಿ ಇವೆರಡೂ ಇರಲಿಲ್ಲ.

ಆದರೂ ಇಷ್ಟಕ್ಕೇ ವಿಷಯ ಮುಗಿಯಿತೆಂದರೆ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ. ‘ಬಹುದೇವಾರಾಧಕರು’ ಎಂಬಲ್ಲಿ ಮೂಲದಲ್ಲಿರುವುದು ‘ಅಲ್-ಮುಶ್ರಿಕೀನ್’. ಅರಬಿಯ ಈ ‘ಅಲ್’ ಈಗಾಗಲೇ ಪ್ರಸ್ತಾಪವಾದವರನ್ನೂ ಸೂಚಿಸಬಹುದು, ಆ ವರ್ಗದವರೆಲ್ಲರನ್ನೂ ಸೂಚಿಸಬಹುದು. ಕನ್ನಡದಲ್ಲಿ ಅದಕ್ಕೆ ಸರಿಸಮನಾದ ಪ್ರತ್ಯಯವಿಲ್ಲ. ಅನುವಾದಕ ‘ಆ ಬಹುದೇವಾರಾಧಕರನ್ನು’ ಎಂದು ಬರೆದರೆ ಕರಾರು ಮುರಿದವರು ಮಾತ್ರ ಕಾಣುತ್ತಾರೆ, ‘ಆ’ ಬಿಟ್ಟರೆ ಜಗತ್ತೇ ಕಾಣುತ್ತದೆ. ವ್ಯಾಖ್ಯಾನಕಾರರು ಕವಲೊಡೆದದ್ದೂ ಬಹುಮಟ್ಟಿಗೆ ಇಲ್ಲಿಯೇ. ಮಧ್ಯಯುಗದ ಹಲವರು ಇದನ್ನು ‘ಖಡ್ಗದ ಸೂಕ್ತ’ ಎಂದು ಕರೆದು, ಶಾಂತಿಯ ಅನೇಕ ಸೂಕ್ತಗಳನ್ನು ಇದು ರದ್ದುಪಡಿಸಿತೆಂದು ವಾದಿಸಿದ್ದಾರೆ. ಸೆರೆಯಾಳುಗಳನ್ನು ಸುಮ್ಮನೆಯೋ ಪರಿಹಾರ ಪಡೆದೋ ಬಿಡಲು ಹೇಳುವ 47ನೆಯ ಅಧ್ಯಾಯದ ನಾಲ್ಕನೆಯ ಸೂಕ್ತವೇ ಇದನ್ನು ರದ್ದುಪಡಿಸಿತೆಂದವರೂ ಇದ್ದರು. 923ರಲ್ಲಿ ತೀರಿಕೊಂಡ ವ್ಯಾಖ್ಯಾನಕಾರ ತಬರಿ ಈ ಎರಡು ಸೂಕ್ತಗಳಲ್ಲಿ ಯಾವುದೂ ಇನ್ನೊಂದನ್ನು ರದ್ದುಪಡಿಸಿಲ್ಲವೆಂದರು. ಹಿಂದಿನವರೆಲ್ಲ ಒಂದೇ ದನಿಯಲ್ಲಿ ಮಾತಾಡಿದರೆಂದು ಎರಡೂ ಕಡೆಯವರು ನಟಿಸುವುದು ನನಗೆ ಒಪ್ಪಿಗೆಯಿಲ್ಲ. ಸೂಕ್ತದ ಅಕ್ಕಪಕ್ಕವನ್ನು ಓದಿದ ಮೇಲೆ ನನಗೆ ‘ಆ’ ಸೇರಿಸಿದ ಓದೇ ಸರಿಯೆನಿಸುತ್ತದೆ. ಹದಿಮೂರನೆಯ ಸೂಕ್ತ ‘ಪ್ರಮಾಣ ಮುರಿದವರು, ನಿಮ್ಮ ಮೇಲೆ ಮೊದಲು ಕೈಮಾಡಿದವರು’ ಎಂದು ಎದುರಾಳಿಯ ಗುರುತು ಹೇಳುತ್ತದೆ.

ಸಾರ್ವಕಾಲಿಕ ಗ್ರಂಥಕ್ಕೆ ಚರಿತ್ರೆಯ ಹಂಗೇಕೆ ಎಂದೂ ಕೇಳಿದ್ದೀರಿ. ಯಾವ ಸೂಕ್ತ ಯಾವ ಸನ್ನಿವೇಶದಲ್ಲಿ ಇಳಿದುಬಂತೆಂಬ, ಅಂದರೆ ಅವತರಣದ ಸಂದರ್ಭಗಳ, ಅಧ್ಯಯನ ಇಂದಿನವರು ಹೂಡಿದ ನೆಪವಲ್ಲ. ನಿಶಾಪುರದ ವಿದ್ವಾಂಸ ವಾಹಿದಿ ಹನ್ನೊಂದನೆಯ ಶತಮಾನದಲ್ಲೇ ಅವನ್ನು ಒಂದೆಡೆ ಸಂಗ್ರಹಿಸಿದ್ದರು.

ಪತ್ರದ ಕೊನೆಗೆ ನೀವು ಎತ್ತಿರುವ, ಮುಸ್ಲಿಮೇತರರ ಮೇಲಿನ ಜಿಝ್ಯಾ ತೆರಿಗೆಯನ್ನು ಹೇಳುವ, ಇದೇ ಅಧ್ಯಾಯದ 29ನೆಯ ಸೂಕ್ತದ ಹಿನ್ನೆಲೆಯೇ ಬೇರೆ. ಅದನ್ನು ಅರೇಬಿಯಾದ ಉತ್ತರದ ತಬೂಕ್‌ಗೆ ಪ್ರವಾದಿಯವರು ಕೈಗೊಂಡ ದಂಡಯಾತ್ರೆಯ ಕಾಲಕ್ಕೆ ಸೇರಿಸುತ್ತಾರೆ. ಖುಝಾಅದ ಕಥೆಯನ್ನೇ ಅದಕ್ಕೂ ಹೊದಿಸಲು ಬರುವುದಿಲ್ಲವಾದ್ದರಿಂದ ಅದಕ್ಕೆ ಪ್ರತ್ಯೇಕವಾಗಿ ಬರೆಯುತ್ತೇನೆ.

– ಸಂಪಾದಕ